ಕ್ಷಮಿಸಿದವನ ಕಾರ್ಖಾನೆ

ಅಂಬುಜಕ್ಕನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು, ವಾಕ್ಯ ಆಮೇಲೆ ಬರುತ್ತದೆ. ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು. ಕ್ಷಮೆ ದೊಡ್ಡ ಗುಣ ಎಂದು ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ನಾನು ಅವರನ್ನು ಕೂರಿಸಿ ಚೆನ್ನೈನ ಗಿಂಡಿಯ ಪದ್ಮನಾಭನ ಕಥೆ ಹೇಳುತ್ತೇನೆ. ಆತ ಅಂಬುಜಕ್ಕನಿಗೆ ಬೈಯಲಿಲ್ಲ, ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಕ್ಷಮಿಸಿದ, ಅಷ್ಟೇ. ಅಷ್ಟರಲ್ಲೇ ಅವರ ಬಾಳು ಮೂರಾಬಟ್ಟೆಯಾಯಿತು. ಆತ ವಯಸ್ಸಿನಲ್ಲಿ ಹಿರಿಯ, ಬಹುವಚನದಲ್ಲಿ ಬರೆಯಬೇಕಿತ್ತು. ಮನಸ್ಸು ಬರುವುದಿಲ್ಲ.

ನಾನು ಸಂಹಿತಾ, ಮೈಸೂರಿನವಳು. ಚೆನ್ನೈನ ಅಡ್ಯಾರಿನಲ್ಲಿ ಆಸ್ಪತ್ರೆಯ ಉಪಕರಣ ತಯಾರಿಸುವ ಕಂಪನಿಯಲ್ಲಿ ಕೆಲಸ. ಸಣ್ಣ ಸಣ್ಣ ಕಾರ್ಖಾನೆಗಳು ನಮಗೆ ಬಿಡಿಭಾಗ ಮಾಡಿಕೊಡುತ್ತವೆ, ನಾವು ಹೋಗಿ ಅವರು ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ನೋಡಿ ಬರುತ್ತೇವೆ. ಗಿಂಡಿಯ ಕೆಲಸ ಬಿಟ್ಟು ಬಂದ ಅಂಬುಜಕ್ಕ ಈ ವಿಭಾಗದಲ್ಲಿ ನನಗೆ ಮೇಲಿನವರು. ನಾನು ಕೆಲಸಕ್ಕೆ ಸೇರಿದ ವಾರವೇ ಅವರು ನನ್ನ ಹೆಸರು ಕೇಳಿ, ಊರು ಕೇಳಿ, "ಸದ್ಯ, ಬೈಯೋದಕ್ಕಾದ್ರೂ ಕನ್ನಡ ಆಯ್ತು" ಅಂದಿದ್ದರು.

ಅವರು ಹುಟ್ಟಿದ್ದು ಪೆರಂಬೂರಿನಲ್ಲಿ. ಅಪ್ಪ ಮಂಡ್ಯದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದು ಅಲ್ಲೇ ನೆಲೆನಿಂತವರು. ಮನೆಯೊಳಗೆ ಮಂಡ್ಯದ ಕನ್ನಡ, ಬೀದಿಯಲ್ಲಿ ತಮಿಳು, ಪಾಲಿಟೆಕ್ನಿಕ್ಕಿನಲ್ಲಿ ಇಂಗ್ಲಿಷು. ಅಂಬುಜಕ್ಕ ಸಿಟ್ಟು ಬಂದಾಗ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವರೇ ಗಿಂಡಿ ಕೈಗಾರಿಕಾ ಎಸ್ಟೇಟಿನಲ್ಲಿ ಪದ್ಮನಾಭ ಆಗ ತಾನೇ ಶುರುಮಾಡಿದ್ದ ಸರ್ಕ್ಯೂಟ್ ಬೋರ್ಡಿನ ಕಾರ್ಖಾನೆಗೆ ಸೇರಿದರು. ಪದ್ಮನಾಭ ಹಾಸನದವನು, ಎಂಜಿನಿಯರು, ಕನ್ನಡ ಸಂಘದಲ್ಲಿ ದೊಡ್ಡ ಹೆಸರು. ನಮ್ಮವರ ಕಾರ್ಖಾನೆ ಎಂದು ಮನೆಯವರಿಗೂ ಧೈರ್ಯ. ಮದುವೆಯ ಮಾತು ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ತಾಯಿ ಲೀಲಮ್ಮ ಮತ್ತು ಅಂಬುಜಕ್ಕ ಇಬ್ಬರೇ.

ಆ ಕಾರ್ಖಾನೆಯಲ್ಲಿ ಅವರಿಗೆ ಸಿಕ್ಕಿದ್ದು ತೊಳೆಯುವ ವಿಭಾಗ. ಕೇಳಲು ಪಾತ್ರೆ ತೊಳೆಯುವ ಕೆಲಸದ ಹಾಗಿದೆ, ಆದರೆ ವಿಷಯ ಬೇರೆ. ಟಿವಿ ಬಿಚ್ಚಿದರೆ ಒಳಗೆ ಕಾಣುವ ಹಸಿರು ಹಲಗೆ ಇದೆಯಲ್ಲ, ಅದೇ ಸರ್ಕ್ಯೂಟ್ ಬೋರ್ಡು. ಅದರ ಮೇಲೆ ಭಾಗಗಳನ್ನು ಬೆಸೆಯುವಾಗ ಬೆಸುಗೆ ಚೆನ್ನಾಗಿ ಹರಿಯಲಿ ಎಂದು ರಾಳದಂಥ ಒಂದು ಪದಾರ್ಥ ಹಚ್ಚುತ್ತಾರೆ. ಅದಕ್ಕೆ ಫ್ಲಕ್ಸ್ ಅನ್ನುತ್ತಾರೆ. ಬೆಸುಗೆ ಮುಗಿದರೆ ಫ್ಲಕ್ಸಿನ ಕೆಲಸವೂ ಮುಗಿಯಿತು, ಆದರೆ ಅದು ಹೋಗುವುದಿಲ್ಲ. ಕಂದು ಕಲೆಯಾಗಿ ಅಂಟಿಕೊಂಡಿರುತ್ತದೆ. ಚೆನ್ನೈನ ಗಾಳಿಯಲ್ಲಿ ನೀರೂ ಇದೆ, ಉಪ್ಪೂ ಇದೆ. ಕಲೆ ಉಳಿದ ಕಡೆ ತೇವ ಸೇರಿ, ಕರೆಂಟು ಹೋಗಬಾರದ ಕಡೆಗೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಅದನ್ನು ಆಲ್ಕೋಹಾಲಿನಲ್ಲಿ ತೊಳೆಯಬೇಕು.

ಯಾವ ಆಲ್ಕೋಹಾಲು ಎಂಬ ಪ್ರಶ್ನೆಯಲ್ಲಿ ಅಂಬುಜಕ್ಕನ ಅರ್ಧ ಬಾಳು ಕಳೆಯಿತು. ಎಥನಾಲು ತೊಳೆಯುತ್ತದೆ, ಆದರೆ ಕುಡಿಯುವ ಪದಾರ್ಥವಾದ್ದರಿಂದ ಅಬಕಾರಿ ಇಲಾಖೆಯ ಪರವಾನಗಿ ಬೇಕು, ಡ್ರಮ್ಮಿಗೆ ಕಾವಲೂ ಬೇಕು. ಮೆಥನಾಲು ಅಗ್ಗ, ಆದರೆ ವಿಷ, ದಿನವಿಡೀ ಅದರ ಗಾಳಿ ಕುಡಿದರೆ ಕಣ್ಣು ಹೋಗುತ್ತದೆ. ಉಳಿದದ್ದು ಐಸೊಪ್ರೊಪೈಲ್. ಬಾಯಿಮಾತಿಗೆ ಐಪಿಎ. ಅದರಲ್ಲೂ ನೀರಿಲ್ಲದ್ದೇ ಬೇಕು. ನೀರು ಬೆರೆತದ್ದು ರಾಳವನ್ನು ಪೂರ್ತಿ ಕರಗಿಸದೆ ಬೆಳ್ಳಗೆ ಬಿಟ್ಟುಹೋಗುತ್ತದೆ. ಮುಚ್ಚಳ ತೆಗೆದಿಟ್ಟರೆ ಒಳ್ಳೆಯ ಐಪಿಎಯೂ ಗಾಳಿಯ ನೀರು ಹೀರಿ ಕೆಡುತ್ತದೆ. ಅಂಬುಜಕ್ಕ ಹೊಸ ಕ್ಯಾನು ಬಂದಾಗಲೆಲ್ಲ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಕಲೆ ಉಳಿಯಿತೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಲೆ ಇದ್ದರೆ ಕ್ಯಾನು ವಾಪಸ್. ಅವರ ಕೈಕೆಳಗಿನ ಹೆಂಗಸರಿಗೆಲ್ಲ ಇದು ಬಾಯಿಪಾಠ. ರಾಯಪುರಂನಿಂದ ಬರುತ್ತಿದ್ದ ಕನ್ನಿಯಮ್ಮ ಅವರಲ್ಲಿ ಹಳಬರು, ಅಂಬುಜಕ್ಕನಿಗೆ ಬಲಗೈ ಇದ್ದ ಹಾಗೆ. ಹಬ್ಬಕ್ಕೆ ಪೆರಂಬೂರಿನ ಮನೆಗೆ ಬಂದು ಲೀಲಮ್ಮನ ಕೈಯಿಂದ ಕುಂಕುಮ ಪಡೆದು ಹೋಗುವಷ್ಟು ಬಳಕೆ.

ಹೀಗಿರುವಾಗ ಕೊರೋನಾ ಬಂತು. ಪದ್ಮನಾಭನ ತಲೆ ಓಡಿತು. ಸ್ಯಾನಿಟೈಸರ್ ಮಾರಿ ದುಡ್ಡು ಮಾಡೋಣ ಎಂದು ಡ್ರಮ್ಮುಗಟ್ಟಲೆ ತರಿಸಿ ಶೆಡ್ಡಿನ ಹಿಂದೆ ಪೇರಿಸಿಟ್ಟ. ಅಷ್ಟರಲ್ಲಿ ಬೀದಿಯ ಪೆಟ್ಟಿಗೆ ಅಂಗಡಿಯಲ್ಲೂ ಸ್ಯಾನಿಟೈಸರ್ ಸಿಗತೊಡಗಿತು, ಇವನ ಡ್ರಮ್ಮನ್ನು ಕೇಳುವವರಿಲ್ಲ. ಇತ್ತ ಐಪಿಎ ಮಾತ್ರ ಸಿಗುವುದೇ ಕಷ್ಟವಾಯಿತು, ಏಕೆಂದರೆ ಇದ್ದದ್ದೆಲ್ಲ ಸ್ಯಾನಿಟೈಸರ್ ಆಗಲು ಹೋಗುತ್ತಿತ್ತು. ಆಸ್ಪತ್ರೆಯ ಡ್ರಿಪ್ ಪಂಪಿಗೆ ಹೋಗಬೇಕಾದ ಬೋರ್ಡುಗಳು ತೊಳೆಯದೆ ನಿಂತಿದ್ದವು. ಡ್ರಮ್ಮಿನಲ್ಲಿರುವುದೂ ಐಸೊಪ್ರೊಪೈಲೇ ತಾನೇ ಅಂದುಕೊಂಡ. ಅದರಲ್ಲಿ ನೀರಿದೆ, ಕೈ ಒಡೆಯದಿರಲಿ ಎಂದು ಬೆರೆಸಿದ ಗ್ಲಿಸರಿನ್ ಇದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಓದಿದ ಎಂಜಿನಿಯರು. ಗೊತ್ತಿದ್ದೇ ಮಾಡಿದ. ಅಂಬುಜಕ್ಕ ತಾಯಿಗೆ ಲಸಿಕೆ ಹಾಕಿಸಲು ರಜೆ ಹಾಕಿದ್ದ ದಿನ ನೋಡಿ, ತೊಳೆಯುವ ವಿಭಾಗದ ನೀಲಿ ಕ್ಯಾನಿಗೆ ಸ್ಯಾನಿಟೈಸರ್ ತುಂಬಿಸಿದ.

ಮಾರನೆಯ ದಿನ ಬಂದ ಅಂಬುಜಕ್ಕನ ಬೆರಳಿಗೆ ಬೋರ್ಡು ಅಂಟಂಟಾಗಿ ತಾಗಿತು. ಬೋರ್ಡು ಹಿಡಿದುಕೊಂಡೇ ಹೋಗಿ ಕೇಳಿದರು. ಹೊಸ ಲಾಟು, ಸೆಖೆಗೆ ಹಾಗಾಗುತ್ತದೆ, ಎರಡು ಸಲ ಒರೆಸಿ ಎಂದು ಹೇಳಿ ಕಳಿಸಿದ. ಇವರು ಕೇಳಲಿಲ್ಲ, ಗಾಜಿನ ಮೇಲೆ ಹನಿ ಬಿಟ್ಟು ತೋರಿಸಿದರು, ಶೆಡ್ಡಿನ ಹಿಂದೆ ಒಂದು ಡ್ರಮ್ಮು ಖಾಲಿಯಾಗಿರುವುದನ್ನು ಕಂಡು ಜಗಳವಾಡಿದರು. ಹೇಗೋ ಒಳ್ಳೆಯ ಕ್ಯಾನು ಬರುವ ಹೊತ್ತಿಗೆ ಬೋರ್ಡುಗಳೆಲ್ಲ ಪೆಟ್ಟಿಗೆ ಸೇರಿ ಹೊರಟುಹೋಗಿದ್ದವು. ಮಳೆಗಾಲದಲ್ಲಿ ಕರಾವಳಿಯ ಊರುಗಳಿಂದ ಒಂದೊಂದೇ ಪಂಪು ವಾಪಸ್ ಬರತೊಡಗಿತು. ಯಾರೂ ಮುಟ್ಟದೆ ತಾವೇ ಗುಂಡಿ ಒತ್ತಿಕೊಂಡು ಕೂಗಿ ನಿಂತುಹೋಗುತ್ತಿದ್ದವಂತೆ. ದೇವರ ದಯೆ, ಯಾರ ಪ್ರಾಣಕ್ಕೂ ಕುತ್ತಾಗಲಿಲ್ಲ.

ಪಂಪಿನ ಕಂಪನಿಯವರು ಕಾರಣ ಕೇಳಲು ಬಂದರು. ಪದ್ಮನಾಭ ಆಗ ಹೇಳಿದ ಸುಳ್ಳು ಎಷ್ಟು ಸಲೀಸಾಗಿತ್ತೆಂದರೆ, ಅಲ್ಲಿದ್ದರೆ ನಾನೂ ನಂಬುತ್ತಿದ್ದೆನೇನೋ. ಆ ದಿನಗಳಲ್ಲಿ ಕೈಗೆ ಹಾಕುವ ಕ್ಯಾನೂ ಬೋರ್ಡಿಗೆ ಹಾಕುವ ಕ್ಯಾನೂ ಒಂದೇ ಬಣ್ಣದವು, ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಅಂಬುಜಾ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಂಡಿದ್ದಾಳೆ, ಅಷ್ಟೇ. ಅಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಸುಳ್ಳಾಗಿರುತ್ತಿತ್ತು. ಅವನು ವಿಭಾಗದವರನ್ನೆಲ್ಲ ಕರೆಸಿ, ಬಂದವರ ಎದುರು ಅಂಬುಜಕ್ಕನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ಅಂಬುಜಾ ನಮ್ಮ ಮನೆ ಮಗಳಿದ್ದ ಹಾಗೆ. ಕೈ ತಪ್ಪಿದೆ. ನಾನು ಕ್ಷಮಿಸಿದೀನಿ, ನೀವೂ ಕ್ಷಮಿಸಬೇಕು."

ಬಂದವರು ಚಪ್ಪಾಳೆ ತಟ್ಟಿದರಂತೆ. ಎಂಥ ಮಾಲೀಕ ಎಂದು ಹೊಗಳಿದರಂತೆ. ಅಂಬುಜಕ್ಕ ನಾನು ಮಾಡಿಲ್ಲ, ಆ ದಿನ ರಜೆಯಲ್ಲಿದ್ದೆ ಅಂದರು. ಈಗ ಅದೆಲ್ಲ ಬೇಡಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಆತ ಸಮಾಧಾನ ಮಾಡಿದ. ಬೈದವನ ಮೇಲೆ ತಿರುಗಿ ಬೀಳಬಹುದು. ಕ್ಷಮಿಸಿದವನ ಜೊತೆ ಜಗಳವಾಡುವುದು ಹೇಗೆ? ಜಗಳವಾಡಿದಷ್ಟೂ ತಪ್ಪು ನಿಮ್ಮದೇ ಎಂದು ನೋಡುವವರಿಗೆ ಖಾತ್ರಿಯಾಗುತ್ತದೆ. ಅಂಬುಜಕ್ಕ ಆ ವಾರವೇ ಕೆಲಸ ಬಿಟ್ಟರು. ಅದಕ್ಕೂ ಊರು ಹೇಳಿದ್ದು, ನೋಡಿ, ಎಷ್ಟು ಅಹಂಕಾರ ಎಂದು.

ಪದ್ಮನಾಭ ಅಲ್ಲಿಗೂ ಬಿಡಲಿಲ್ಲ. ಒಂದು ಭಾನುವಾರ ಮೂಸಂಬಿ ಚೀಲ ಹಿಡಿದುಕೊಂಡು ಪೆರಂಬೂರಿಗೆ ಹೋದ. ಅಂಬುಜಕ್ಕ ಅಂಗಡಿಗೆ ಹೋಗಿದ್ದರು. ಲೀಲಮ್ಮನ ಮುಂದೆ ಕೂತು, ಮಗಳನ್ನು ಬೈಯಬೇಡಿ, ವಯಸ್ಸಾಗುತ್ತ ಕೈ ತಪ್ಪುತ್ತದೆ, ನನ್ನ ಮನಸ್ಸಿನಲ್ಲಿ ಏನೂ ಇಲ್ಲ, ಯಾವಾಗ ಬೇಕಾದರೂ ವಾಪಸ್ ಬರಲಿ ಎಂದು ಹೇಳಿ ಕಾಫಿ ಕುಡಿದು ಎದ್ದ. ಲೀಲಮ್ಮ ಹಳೆಯ ಕಾಲದವರು. ಮನೆ ಬಾಗಿಲಿಗೆ ಬಂದು ಇಷ್ಟು ಮಾತಾಡಿದ ದೊಡ್ಡ ಮನುಷ್ಯ ಸುಳ್ಳು ಹೇಳುತ್ತಾನೆ ಎಂದು ಅವರಿಗೆ ಅನ್ನಿಸುವುದು ಹೇಗೆ? ಮಗಳು ಎಷ್ಟು ಹೇಳಿದರೂ ನಂಬಲಿಲ್ಲ. ಸಂಘದ ರಾಜ್ಯೋತ್ಸವದಲ್ಲಿ ಆತ ಹೆಸರೆತ್ತದೆ ಇದೇ ಕಥೆ ಹೇಳಿ ಕೆಲಸಗಾರರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಭಾಷಣವನ್ನೂ ಮಾಡಿದ. ಕೇಳಿಸಿಕೊಂಡ ಅಷ್ಟೂ ಜನಕ್ಕೆ ಅದು ಯಾರ ಕಥೆ ಎಂದು ಗೊತ್ತಿತ್ತು.

ಲೀಲಮ್ಮ ಹಾಸಿಗೆ ಹಿಡಿದರು. ಕೊನೆಕೊನೆಗೆ ಅವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲವಂತೆ. ಒಂದು ಸಲ ಗಿಂಡಿಗೆ ಹೋಗಿ ಅವರ ಹತ್ತಿರ ತಪ್ಪಾಯ್ತು ಅಂತ ಹೇಳಿ ಬಾರೇ, ನಾನು ನೆಮ್ಮದಿಯಾಗಿ ಹೋಗುತ್ತೇನೆ ಅನ್ನುತ್ತಿದ್ದರು. ಮಾಡದ ತಪ್ಪನ್ನು ಒಪ್ಪಿಕೊಂಡು ಬರಲು ಅಂಬುಜಕ್ಕನಿಂದ ಆಗಲಿಲ್ಲ. ಹೋಗಿ ಬಂದೆ ಎಂದು ತಾಯಿಗೆ ಸುಳ್ಳು ಹೇಳಲೂ ಆಗಲಿಲ್ಲ. ಲೀಲಮ್ಮ ಮಗಳ ಕಡೆ ಬೆನ್ನು ತಿರುಗಿಸಿ ಮಲಗಿದವರು ಹಾಗೇ ಹೋಗಿಬಿಟ್ಟರು.

ಇದನ್ನು ಅಂಬುಜಕ್ಕ ನನಗೆ ಒಂದೇ ಸಲ ಹೇಳಿದ್ದಲ್ಲ. ಊಟದ ಹೊತ್ತಿನಲ್ಲಿ ಒಂದು ತುಂಡು, ಬಸ್ಸಿನಲ್ಲಿ ಇನ್ನೊಂದು ತುಂಡು. ತಾಯಿಯ ಮಾತು ಹೇಳಿದ ದಿನ ಅವರ ಕಣ್ಣಲ್ಲಿ ನೀರಿರಲಿಲ್ಲ. ನಾನೇ ಅತ್ತೆ. ನೀವು ಅವನನ್ನು ಏನು ಮಾಡಬೇಕು ಅಂತಿದೀರಿ ಎಂದು ಕೇಳಿದೆ. ಅವರು ತುಂಬ ಯೋಚನೆ ಮಾಡಿ ಇಟ್ಟುಕೊಂಡ ಹಾಗೆ ಹೇಳಿದರು. ಅವನ ದುಡ್ಡು ಬೇಡ, ಕಾರ್ಖಾನೆ ಮುಳುಗುವುದೂ ಬೇಡ. ಅದೇ ಜಾಗದಲ್ಲಿ, ಅದೇ ಹೆಂಗಸರ ಎದುರು, ಕೊಟ್ಟಿದ್ದು ನಾನು ಎಂದು ಅವನ ಬಾಯಿಂದ ಬರಬೇಕು. ಅಮ್ಮನಿಗೆ ಕೇಳಿಸುವುದಿಲ್ಲ, ಇರಲಿ. ನನ್ನ ಕಿವಿಗೆ ಕೇಳಿಸಲಿ.

ಕಾದವರಿಗೆ ದಿನ ಬಂದೇ ಬಂತು. ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರವೊಂದನ್ನು ನಮ್ಮ ಕಂಪನಿ ಶುರುಮಾಡಿತು, ಅದರ ಬೋರ್ಡು ಮಾಡಿಕೊಡಲು ಕಾರ್ಖಾನೆ ಬೇಕಿತ್ತು. ನಮ್ಮ ಮ್ಯಾನೇಜರ್ ದಿನೇಶ್ ಅವರು ಕೊಟ್ಟ ಹೆಸರುಗಳಲ್ಲಿ ಪದ್ಮನಾಭನ ಕಾರ್ಖಾನೆಯೂ ಇತ್ತು. ಹಳೆಯ ಗಿರಾಕಿಗಳು ಬಿಟ್ಟುಹೋಗಿ ಅಲ್ಲಿ ಕೆಲಸ ಕಡಿಮೆಯಾಗಿತ್ತು, ಈ ಆರ್ಡರು ಸಿಗದಿದ್ದರೆ ಬಾಗಿಲು ಹಾಕಬೇಕು ಎಂದು ಎಸ್ಟೇಟಿಗೆಲ್ಲ ಗೊತ್ತಿತ್ತು. ನಾನು ಅಲ್ಲಿ ಕೆಲಸ ಮಾಡಿದವಳು, ಅವರಿಗೂ ನನಗೂ ಸರಿಯಿಲ್ಲ ಎಂದು ಅಂಬುಜಕ್ಕ ದಿನೇಶ್‌ಗೆ ಮೊದಲೇ ಹೇಳಿದರು. ಹಾಗಾದರೆ ನಿಮ್ಮ ಕಣ್ಣಿಗೆ ಏನೂ ತಪ್ಪಿಸಿಕೊಳ್ಳಲ್ಲ, ನೀವೇ ಹೋಗಿ ಅಂದರು ಅವರು.

ನನಗೆ ಹಬ್ಬ. ಒಂದು ಬಿಳಿ ಕಲೆ ಸಿಕ್ಕರೂ ಸಾಕು ಫೇಲ್ ಮಾಡಿಬಿಡಿ ಅಂದೆ. ಸಿಗದಿದ್ದರೆ ಹಿಂದಿನ ದಿನ ಯಾರಿಗಾದರೂ ಹೇಳಿ ಕ್ಯಾನಿನ ಮುಚ್ಚಳ ತೆಗೆಸಿಡೋಣ, ಗಾಳಿಯ ನೀರೇ ನಮ್ಮ ಕೆಲಸ ಮಾಡುತ್ತದೆ ಎಂದೂ ಹೇಳಿದೆ. ತಮಾಷೆಗೆ ಹೇಳಿದ್ದಲ್ಲ. ಅಂಬುಜಕ್ಕ ನನ್ನನ್ನು ಒಂದು ಕ್ಷಣ ನೋಡಿದರು.

"ಫೇಲ್ ಮಾಡಿದ್ರೆ ಅವನಿಗೇನಾಗುತ್ತೆ? ಸಂಘದಲ್ಲಿ ಇನ್ನೊಂದು ಭಾಷಣ ಮಾಡ್ತಾನೆ. ಬೀದಿಗೆ ಬೀಳೋದು ಕನ್ನಿಯಮ್ಮ. ಆ ಹೆಂಗಸರು ನನಗೇನು ಮಾಡಿದಾರೆ ಹೇಳು? ಅವರ ಅನ್ನಕ್ಕೆ ನಾನು ಕೈ ಹಾಕಲ್ಲ."

ಗಿಂಡಿ ಸ್ಟೇಷನ್ನಿನಿಂದ ನಾವು ನಡೆದೇ ಹೋದೆವು. ಬಾಗಿಲಲ್ಲಿ ಪದ್ಮನಾಭ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ತೆಳ್ಳಗೆ ಗಂಧ. ನಮ್ಮ ಮನೆ ಮಗಳು ವಾಪಸ್ ಬಂದಳು ಎಂದು ಕೈ ಮುಗಿದ. ಒಳಗೆ ತೊಳೆಯುವ ವಿಭಾಗದ ಹೆಂಗಸರು ಕೆಲಸ ಬಿಟ್ಟು ಎದ್ದು ಬಂದರು. ಕನ್ನಿಯಮ್ಮ ಅಂಬುಜಕ್ಕನ ಎರಡೂ ಕೈ ಹಿಡಿದುಕೊಂಡು, ಬಡವಾಗಿಬಿಟ್ಟಿದ್ದೀಯಲ್ಲ ಅಕ್ಕಾ ಎಂದು ತಮಿಳಿನಲ್ಲಿ ಅಂದರು. ಅಂಬುಜಕ್ಕ ನಕ್ಕರು. ಅವರು ಅಷ್ಟು ಸಲೀಸಾಗಿ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬೆಳಗ್ಗೆಯಿಂದ ನೋಡಿದೆವು. ನನ್ನ ದುರದೃಷ್ಟ, ಎಲ್ಲ ಚೆನ್ನಾಗಿತ್ತು. ಐಪಿಎ ಕ್ಯಾನು ಸೀಲು ಒಡೆಯದೆ ನೆರಳಲ್ಲಿತ್ತು. ಬೇಕಾದಷ್ಟೇ ಬಗ್ಗಿಸಿಕೊಂಡು ತಕ್ಷಣ ಮುಚ್ಚಳ ಹಾಕುತ್ತಿದ್ದರು. ಬೋರ್ಡನ್ನು ಓರೆಯಾಗಿ ಹಿಡಿದು, ಬ್ರಷ್ಷಿನಲ್ಲಿ ಉಜ್ಜಿ, ಕೊಳೆ ಅಲ್ಲೇ ಆರುವ ಮೊದಲು ಹೊಸ ಐಪಿಎ ಸುರಿದು ಇಳಿಸುತ್ತಿದ್ದರು. ಎಲ್ಲ ಅಂಬುಜಕ್ಕ ಕಲಿಸಿದ ರೀತಿ. ಭೂತಗನ್ನಡಿ ಹಿಡಿದು ನೋಡಿದರೂ ನನಗೆ ಒಂದು ಚುಕ್ಕೆ ಸಿಗಲಿಲ್ಲ.

ಊಟಕ್ಕೆ ಏಳುವ ಮೊದಲು ಅಂಬುಜಕ್ಕ, ಇನ್ನೊಂದು ಬಾಕಿ ಇದೆ ಅಂದರು. ಯಾವ ಆಲ್ಕೋಹಾಲು ಎಂದು ಈ ಕಾರ್ಖಾನೆ ಹೇಗೆ ಆರಿಸಿಕೊಳ್ಳುತ್ತದೆ ಎಂದು ನೋಡಬೇಕು. ಮೇಜಿನ ಮೇಲೆ ಮೂರು ಸ್ಟೀಲ್ ಬಟ್ಟಲು ಇಡಿಸಿದರು. ಒಂದಕ್ಕೆ ಹೊಸ ಕ್ಯಾನಿನ ಐಪಿಎ. ಇನ್ನೊಂದಕ್ಕೆ ಪೇಂಟ್ ಅಂಗಡಿಯ ಸ್ಪಿರಿಟ್, ಇದು ಅಗ್ಗ, ಬಳಸಬಹುದೇ ಎಂದು ಅವರ ಖರೀದಿಯವರು ನಮ್ಮನ್ನು ಕೇಳಿದ್ದರು. ಮೂರನೆಯದಕ್ಕೆ ಕೈ ತೊಳೆಯುವಲ್ಲಿ ಇಟ್ಟಿದ್ದ ಸ್ಯಾನಿಟೈಸರ್. ಮೂರು ಬೋರ್ಡು ತರಿಸಿ, ಪದ್ಮನಾಭನಿಗೆ ಕುರ್ಚಿ ಎಳೆದುಕೊಟ್ಟರು. ಹುಡುಗಿಯರು ಮಾಡಲಿ ಬಿಡಮ್ಮ ಎಂದು ಆತ ನಕ್ಕ. ಆರಿಸುವುದು ನೀವಲ್ಲವೇ ಸಾರ್, ನೀವೇ ಮಾಡಬೇಕು ಅಂದರು ಇವರು. ಹೆಂಗಸರೆಲ್ಲ ಸುತ್ತ ನಿಂತರು.

ಆತ ತೋಳು ಮಡಚಿ ಕೂತು ತೊಳೆದ. ಫ್ಯಾನಿನ ಕೆಳಗೆ ಬೋರ್ಡುಗಳು ಆರಿದವು. ಐಪಿಎಯಲ್ಲಿ ತೊಳೆದದ್ದು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಸ್ಪಿರಿಟ್ಟಿನಲ್ಲಿ ತೊಳೆದದ್ದರ ಮೇಲೆ ಬೆಳ್ಳಗೆ ವೃತ್ತ. ಮೂರನೆಯದರ ಮೇಲೆ ಅಂಬುಜಕ್ಕ ಟಿಶ್ಯೂ ಕಾಗದದ ಚೂರು ಇಟ್ಟು ಬೋರ್ಡನ್ನು ತಲೆಕೆಳಗು ಮಾಡಿದರು. ಚೂರು ಬೀಳಲಿಲ್ಲ.

"ಈ ಮೂರರಲ್ಲಿ, ನಾನು ರಜೆ ಇದ್ದ ದಿನ ನೀಲಿ ಕ್ಯಾನಿಗೆ ಹಾಕಿಸಿದ್ದು ಯಾವುದು ಸಾರ್?"

"ಅಂಬುಜಾ, ಅದನ್ನ ನಾನು ಯಾವತ್ತೋ ಮರೆತುಬಿಟ್ಟೆ ಕಣಮ್ಮ," ಅಂದ ಪದ್ಮನಾಭ. "ನಿನ್ನ ಮೇಲೆ ನನಗೆ ಒಂದಿಷ್ಟೂ ಬೇಜಾರಿಲ್ಲ."

ಮತ್ತೆ ಕ್ಷಮಿಸಿದ. ನನ್ನ ಕೈಯಲ್ಲಿ ಆಗ ಆ ಬಟ್ಟಲು ಇದ್ದಿದ್ದರೆ ಅವನ ಗಂಧದ ಹಣೆಗೇ ಎರಚುತ್ತಿದ್ದೆ. ಅಂಬುಜಕ್ಕನ ಧ್ವನಿ ಮಾತ್ರ ಏರಲಿಲ್ಲ. ಅವರು ನಿಧಾನವಾಗಿ ವಿವರಿಸಿದರು. ಆ ಹಳೆಯ ತೊಂದರೆಗೆ ಕಾರಣ ಕೆಲಸಗಾರರ ತಪ್ಪು ಎಂದು ನೀವು ಹೇಳಿದ್ದೀರಿ. ಅದು ನಿಜವಾದರೆ, ಎರಡು ಕ್ಯಾನಿನ ವ್ಯತ್ಯಾಸ ಗೊತ್ತಿಲ್ಲದ ವಿಭಾಗ ಇದು, ಹಸುಗೂಸಿನ ಯಂತ್ರವನ್ನು ಇಲ್ಲಿಗೆ ಕೊಡಲು ಆಗುವುದಿಲ್ಲ. ಮಾಲೀಕರು ಬೇಕೆಂದೇ ಹಾಕಿಸಿದ್ದಾದರೆ ಅದು ಬೇರೆ ಕಾರಣ, ಇನ್ನು ಮುಂದೆ ನಮ್ಮನ್ನು ಕೇಳದೆ ಆಲ್ಕೋಹಾಲು ಬದಲಿಸುವಂತಿಲ್ಲ ಎಂದು ಷರತ್ತು ಹಾಕಿ ಮುಂದುವರಿಯಬಹುದು. "ಎರಡರಲ್ಲಿ ಯಾವುದು ಅಂತ ನೀವೇ ಹೇಳಿ ಸಾರ್. ಕೆಲಸಗಾರರ ತಪ್ಪು ಅಂದ್ರೆ ನಾನು ಈಗಲೇ ಹೊರಡ್ತೀನಿ."

ಪದ್ಮನಾಭ ಬಟ್ಟಲುಗಳನ್ನೇ ನೋಡುತ್ತಿದ್ದ. ಕೊನೆಗೆ ಮೂರನೆಯದನ್ನು ಬೆರಳಿಂದ ಮುಟ್ಟಿದ.

"ಇದು. ನಾನೇ ಹಾಕಿಸಿದ್ದು."

"ತಮಿಳಲ್ಲಿ ಹೇಳಿ. ಇವರಿಗೆ ಕನ್ನಡ ಬರಲ್ಲ."

ಕಿವಿಯವರೆಗೆ ಕೆಂಪಾದ. "ನಾನ್ ದಾನ್ ಊತ್ತ ಸೊನ್ನೇನ್," ಅಂದ. ಸುರಿಯಲು ಹೇಳಿದ್ದು ನಾನೇ. ಅಂಬುಜಾ ಏನೂ ಮಾಡಿಲ್ಲ ಎಂದು ಕೇಳದೆಯೇ ಇನ್ನೊಂದು ಮಾತೂ ಸೇರಿಸಿದ. ನನಗೆ ಹೇಳಲಾಗದಷ್ಟು ಸಂತೋಷವಾಯಿತು, ಹೊಟ್ಟೆ ತಣ್ಣಗಾಯಿತು. ಲೀಲಮ್ಮ ಇದ್ದಿದ್ದರೆ ಎಂದೂ ಅನ್ನಿಸಿತು. ಅಂಬುಜಕ್ಕ ಕಣ್ಣು ಮುಚ್ಚಿ ನಿಂತಿದ್ದರು. ತಲೆಯ ಮೇಲಿನ ಮೂಟೆ ಇಳಿಸಿದವರ ಹಾಗೆ ಅವರ ಹೆಗಲು ಸಡಿಲವಾದದ್ದು ನನಗೆ ಕಂಡಿತು.

ಆಗ ಕನ್ನಿಯಮ್ಮ ಹತ್ತಿರ ಬಂದು ಅವರ ಬೆನ್ನು ಸವರಿದರು.

"ವಿಡು ಅಕ್ಕಾ. ಎಂಗಳುಕ್ಕು ಅಪ್ಪವೇ ತೆರಿಯುಮೇ."

ಬಿಡು ಅಕ್ಕಾ, ನಮಗೆ ಆಗಲೇ ಗೊತ್ತಿತ್ತಲ್ಲ. ಸಮಾಧಾನ ಮಾಡಲೆಂದೇ ಹೇಳಿದ ಮಾತು. ಡ್ರಮ್ಮಿನಿಂದ ಕ್ಯಾನಿಗೆ ಸುರಿದದ್ದೇ ನಾನಲ್ಲವೇ, ನೀನು ಮಾಡಿದ್ದು ಎಂದು ಇಲ್ಲಿ ಒಬ್ಬರೂ ಒಂದು ದಿನವೂ ಅಂದುಕೊಂಡಿಲ್ಲ ಎಂದು ಅವರು ಪ್ರೀತಿಯಿಂದ ಹೇಳಿದರು. ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಒಬ್ಬಾಕೆ ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡಳು.

ಅಂಬುಜಕ್ಕ ಕಣ್ಣು ತೆರೆದರು. ಪದ್ಮನಾಭನ ಕಡೆ ನೋಡಲೇ ಇಲ್ಲ. ಕನ್ನಿಯಮ್ಮನನ್ನು ತಮಿಳಿನಲ್ಲಿ ಮೆಲ್ಲಗೆ ಕೇಳುತ್ತ ಹೋದರು. ನಮ್ಮ ಮನೆ ನಿನಗೆ ಗೊತ್ತಿತ್ತಲ್ಲ? ಗೊತ್ತಿತ್ತು. ಮಾಲೀಕರು ಹಣ್ಣು ತಗೊಂಡು ಅಮ್ಮನನ್ನು ನೋಡೋಕೆ ಹೋಗಿದ್ದು? ಅವರೇ ಬಂದು ಹೇಳಿದರು. ಅಮ್ಮ ಹೋಗಿದ್ದು? ಕೇಳಿದೆವು ಅಕ್ಕಾ, ತುಂಬ ಸಂಕಟವಾಯಿತು. ಆಮೇಲೆ ಕನ್ನಿಯಮ್ಮ ತಾವಾಗಿಯೇ ಹೇಳಿದರು. ನೀನು ಹೇಗೂ ಕೆಲಸ ಬಿಟ್ಟಿದ್ದೆ. ನಾವು ಬಾಯಿ ಬಿಟ್ಟರೆ ನಮ್ಮ ಕೆಲಸವೂ ಹೋಗುತ್ತಿತ್ತು. ನಿನಗೆ ನಿಜ ಗೊತ್ತೇ ಇತ್ತಲ್ಲ, ನಾವು ಬಂದು ಹೇಳುವುದೇನಿದೆ ಅಂದುಕೊಂಡೆವು.

ನನಗೆ ಗೊತ್ತಿತ್ತು ಅಂದರು ಅಂಬುಜಕ್ಕ. ಅಮ್ಮನಿಗೆ ಗೊತ್ತಿರಲಿಲ್ಲ.

ಅಂಬುಜಕ್ಕ ಕನ್ನಿಯಮ್ಮನ ಕೈಯನ್ನು ತಮ್ಮ ಬೆನ್ನಿನಿಂದ ಮೆತ್ತಗೆ ತೆಗೆದು ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟರು. ನಾನು ಅವರ ಕಿವಿಯಲ್ಲಿ ಫೇಲ್ ಮಾಡಿ ಅಕ್ಕ ಅಂದೆ. ಈಗಲಾದರೂ ಮಾಡಿ. ಯಾರ ಅನ್ನ ಉಳಿಸಲು ಇಷ್ಟೆಲ್ಲ ಮಾಡಿದರೋ ಅವರೆಲ್ಲ ಸೇರಿಯೇ ಈ ಹೆಂಗಸಿನ ತಾಯಿಯನ್ನು ಆ ಸುಳ್ಳಿನಲ್ಲಿ ಸಾಯಲು ಬಿಟ್ಟಿದ್ದರು. ಒಬ್ಬನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಇನ್ನು ಅವರು ಎಷ್ಟು ಜನಕ್ಕೆ ಹಂಚಬೇಕು?

ಅಂಬುಜಕ್ಕ ಪಾಸ್ ಎಂದು ಹೇಳಿ, ಬ್ಯಾಗು ಎತ್ತಿಕೊಂಡು, ಊಟಕ್ಕೂ ನಿಲ್ಲದೆ ಹೊರಟರು. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. ಅವರಿಗೆ ನೀವು ಬಹುಮಾನ ಕೊಟ್ಟು ಬಂದಿರಿ, ನನಗೆ ನಿಮ್ಮ ಮೇಲೆಯೇ ಸಿಟ್ಟು ಬರುತ್ತಿದೆ ಎಂದು ಹೇಳಿದೆ. ಅಂಬುಜಕ್ಕ ಹಳಿಗಳನ್ನು ನೋಡುತ್ತ ಕೂತಿದ್ದರು.

"ಬೋರ್ಡ್ ಚೆನ್ನಾಗಿತ್ತು, ಪಾಸ್ ಆಯ್ತು. ಫೇಲ್ ಮಾಡಿದ್ದಿದ್ರೆ ಇವತ್ತಿಗೇ ಎಲ್ಲ ಮುಗಿದುಹೋಗ್ತಿತ್ತು ಕಣೇ. ನಾನು ಆ ಬಾಗಿಲು ದಾಟೋ ಹಾಗೇ ಇರ್ತಿರಲಿಲ್ಲ. ಪಾಸ್ ಮಾಡಿದ್ರೆ ಆರು ತಿಂಗಳಿಗೊಂದು ಸಲ ಹೋಗಿ ನೋಡಲೇಬೇಕಲ್ಲ. ಹೋಗ್ತೀನಿ. ಪದ್ಮನಾಭನ ಹತ್ತಿರ ನನಗಿನ್ನು ಕೆಲಸ ಇಲ್ಲ. ಕನ್ನಿಯಮ್ಮನ ಎದುರಿಗೆ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಅವಳು ತೊಳೀಲಿ, ನಾನು ನೋಡ್ತೀನಿ."

ಏನಾದರೂ ಹೇಳುತ್ತೀರಾ ಎಂದು ಕೇಳಿದೆ.

"ಅವಳು ಕ್ಷಮಿಸು ಅಂತ ಕೇಳೋವರೆಗೂ ಏನೂ ಹೇಳಲ್ಲ. ಕೇಳಿದ ಮೇಲೂ ಹೇಳಲ್ಲ."

ಗಾಡಿ ಬಂತು, ಅವರು ಹೆಂಗಸರ ಡಬ್ಬಿ ಹತ್ತಿ ಹೋದರು. ಅಷ್ಟು ದಿನ ಅವರಿಗೆ ಸೇಡು ಹೇಳಿಕೊಡುತ್ತಿದ್ದವಳು ನಾನು. ಅಡ್ಯಾರಿನ ಬಸ್ಸಿನಲ್ಲಿ ಕೂತಾಗ, ಈ ವಿಷಯದಲ್ಲಿ ನಾನಿನ್ನೂ ಮಗು ಅನ್ನಿಸಿತು.

ಆರು ತಿಂಗಳಾದ ಮೇಲೆ ಇಬ್ಬರೂ ಮತ್ತೆ ಗಿಂಡಿಗೆ ಹೋದೆವು. ಕನ್ನಿಯಮ್ಮನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಮೈ ಸರಿಯಿಲ್ಲವೆಂದು ರಜೆ ಹಾಕಿದ್ದಾರೆ, ಮಿಕ್ಕವರು ಎಲ್ಲ ತೋರಿಸುತ್ತಾರೆ, ಮುಗಿಸಿಬಿಡಿ ಎಂದು ಪದ್ಮನಾಭ ಕೈ ಮುಗಿದ. ಪರವಾಗಿಲ್ಲ ಸಾರ್, ಅವರು ಹುಷಾರಾಗಲಿ, ಬಂದ ದಿನ ಫೋನ್ ಮಾಡಿ, ಆವತ್ತೇ ಬರುತ್ತೇವೆ ಎಂದು ಅಂಬುಜಕ್ಕ ತೆರೆದಿದ್ದ ಬ್ಯಾಗು ಮತ್ತೆ ಮುಚ್ಚಿದರು.